ಪೈಲ್ವಾನರ ಉಸಿರು, ಆಯಿಯ ಕೆಮ್ಮು

ಶ್ವಾಸಕೋಶದ ಕಾಯಿಲೆಯನ್ನು ಬೇಗ ಪತ್ತೆ ಹಚ್ಚುವ ಸಂಶೋಧನೆಯೊಂದರಲ್ಲಿ ನಾನು ಎರಡು ವರ್ಷ ಟೆಕ್ನಿಶಿಯನ್ ಆಗಿದ್ದೆ. ಬೈಲಹೊಂಗಲದಲ್ಲಿ ಬಸ್ಸು ಹತ್ತಿ ನೇಸರಗಿ ಕಡೆಯ ಹಳ್ಳಿಗಳಿಗೆ ಹೋಗಿ, ಜನರಿಂದ ಒಂದು ಯಂತ್ರದ ಕೊಳವೆಯೊಳಗೆ ಊದಿಸುವುದು ನನ್ನ ಕೆಲಸ. ಆರು ಸೆಕೆಂಡ್ ಎಡೆಬಿಡದೆ, ಎದೆಯ ಗಾಳಿಯೆಲ್ಲ ಖಾಲಿಯಾಗುವಂತೆ ಊದಬೇಕು. ಪಕ್ಕದಲ್ಲಿ ನಿಂತು ನಾನು "ಊದ್ರಿ, ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ!" ಎಂದು ಕೂಗಬೇಕು. ಮೊದಲ ದಿನ ನನ್ನ ದನಿ ಕೇಳಿ ಜಗಳ ಬಿಡಿಸಲು ಇಬ್ಬರು ಓಡಿ ಬಂದಿದ್ದರು.

ಒಂದು ಊರಿನ ಸಮುದಾಯ ಭವನಕ್ಕೆ ಒಬ್ಬ ಅಜ್ಜ ಹೆಂಡತಿಯನ್ನು ಕರೆದುಕೊಂಡು ಬಂದರು. ಹರೆಯದಲ್ಲಿ ಕುಸ್ತಿ ಹಿಡಿದವರು, ಊರಿಗೆಲ್ಲ ಪೈಲ್ವಾನರು. ಆ ಅಜ್ಜಿಗೆ, ಅಲ್ಲಿಯವರ ಬಾಯಲ್ಲಿ ಆಯಿಗೆ, ಬಹಳ ವರ್ಷದ ಕೆಮ್ಮು.

"ಇಕಿ ಕೆಮ್ಮು ಖರೇದ್ದಲ್ರಿ ಬಾಯಾರ," ಎಂದರು ಅಜ್ಜ. "ಹೊಲಕ್ಕ ನಡಿ ಅಂದ್ರ ಬರತೈತಿ, ಮದವಿ ಮನಿಗೆ ನಡಿ ಅಂದ್ರ ಬರೂದಿಲ್ಲ. ಮೊದಲ ನಾ ಊದತೇನಿ, ಇಕಿ ನೋಡಿ ಕಲೀಲಿ."

ಅಜ್ಜ ತೊಡೆ ತಟ್ಟಿಯೇ ಕುಳಿತರು. ಗಲ್ಲ ಉಬ್ಬಿತು, ಮೀಸೆ ನಡುಗಿತು, ಗಾಳಿ ಮಾತ್ರ ತುಟಿಯ ಅಂಚಿನಿಂದ ಪುರ್‍ರೆಂದು ಸೋರಿಹೋಯಿತು. ತಪ್ಪಾಗಿದೆ ಎಂದು ಯಂತ್ರ ಕೂಗಿತು. ಐದು ಸಲ ಊದಿದರು, ಐದು ಸಲವೂ ಕೂಗಿತು.

"ನಿಮ್ಮ ಮಷೀನ್ ಕೆಟ್ಟೈತ್ರಿ," ಎಂದು ಅಜ್ಜ ರುಮಾಲಿನಿಂದ ಬೆವರು ಒರೆಸಿಕೊಂಡರು.

ಆಯಿ ಸೆರಗು ಸರಿಮಾಡಿಕೊಂಡು ಕುಳಿತರು. ನಾನು ಕೂಗುವ ಮುಂಚೆಯೇ ಊದತೊಡಗಿ, ಆರು ಸೆಕೆಂಡೂ ಊದಿ ಮುಗಿಸಿದರು. ಎಲ್ಲೂ ಸೋರಿಲ್ಲ, ಎಲ್ಲೂ ನಿಂತಿಲ್ಲ. ಮೂರು ಸಲವೂ ಹಾಗೇ.

"ಹೆಂಗ ಕಲತ್ರಿ ಆಯಿ?" ಎಂದೆ.

"ನಲವತ್ತು ವರ್ಷ ಊದುಗೊಳವಿ ಹಿಡದು ಒಲಿ ಊದೇನವ್ವಾ. ಇದೇನ್ ದೊಡ್ಡದು?"

ಅಜ್ಜ ಖುಷಿಯಾದರು. "ನೋಡ್ರಿ! ಇಕಿಗೆ ಏನೂ ಆಗಿಲ್ಲ."

ಗಾಳಿ ಎಷ್ಟು ಬೇಗ ಹೊರಬಂತೆಂದು ತೋರಿಸುವ, ಯಂತ್ರದ ಪರದೆಯ ಮೇಲಿನ ಗೆರೆ ಬೇರೆಯೇ ಹೇಳುತ್ತಿತ್ತು. ಎದೆಗೆ ಎಳೆದುಕೊಳ್ಳುವ ಔಷಧ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದೆವು. ಗೆರೆ ಹೆಚ್ಚೇನೂ ಏರಲಿಲ್ಲ; ಅಂದರೆ ಉಸಿರಿನ ಕೊಳವೆಗಳು ಔಷಧಕ್ಕೂ ಅಷ್ಟಾಗಿ ತೆರೆದಿರಲಿಲ್ಲ. ನಮ್ಮ ತಂಡದ ಡಾಕ್ಟರು ಮೆಲ್ಲಗೆ ಹೇಳಿದರು: "ಆಯಿ, ನಿಮ್ಮ ಉಸಿರಿನ ಕೊಳವಿ ಸಣ್ಣ ಆಗ್ಯಾವ. ಒಲಿ ಹೊಗಿಲೆ ಆಗಿರಬೇಕು. ದಿನಾ ಔಷಧ ತಗೋಬೇಕು."

ಈ ಮಾತು ಕೇಳಿ ಅತ್ತವರನ್ನು ನಾನು ನೋಡಿದ್ದೆ. ಆಯಿಯ ಮುಖ ಅರಳಿತು.

"ಅಂದ್ರ ನನ್ನ ಕೆಮ್ಮು ಖರೇನ ಐತಿ?"

"ಖರೇನ ಐತ್ರಿ."

"ಆ ಕಾಗದ ಕೊಡವ್ವಾ."

ವರದಿ ಹಿಡಿದು ಹೊರಗೆ ಹೋದವರು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತೋರಿಸಿದರು. ಮೊದಲು ತಮ್ಮ ನಾದಿನಿಗೆ. ಅಜ್ಜ ಚಪ್ಪಲಿ ಹುಡುಕುವ ನೆಪದಲ್ಲಿ ಒಳಗೇ ಉಳಿದರು. ನನಗೆ ನಗು ಬಂತು. ಇಷ್ಟು ವರ್ಷ ಆ ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲವಲ್ಲ ಎಂದು ಹೊಳೆದಾಗ ನಗುವುದು ಬಿಟ್ಟು ಮುಂದಿನವರ ಹೆಸರು ಕೂಗಿದೆ.

ಆರು ತಿಂಗಳ ಮೇಲೆ ಮರುಪರೀಕ್ಷೆಗೆ ಅವರ ಮನೆಗೇ ಹೋದೆ. ಅಷ್ಟು ದಿನ ಯಾರೂ ಬಳಸದೆ ಹೂವಿನ ಬಟ್ಟೆ ಹೊದ್ದು ಕುಳಿತಿತ್ತೆಂದು ಅವರು ಹೇಳಿದ ಗ್ಯಾಸ್ ಒಲೆ ಈಗ ಉರಿಯುತ್ತಿತ್ತು. ಗ್ಯಾಸಿನ ರೊಟ್ಟಿ ರುಚಿಯಿಲ್ಲವೆಂದು ಅಜ್ಜ ಒಂದು ದಿನ ತಾವೇ ಕಟ್ಟಿಗೆ ಒಲೆ ಹೊತ್ತಿಸಲು ಕುಳಿತು, ಕಣ್ಣು ಮೂಗು ಸುರಿಸುತ್ತ ಅಂಗಳಕ್ಕೆ ಓಡಿಬಂದರಂತೆ. ಮರುದಿನವೇ ಆ ಕಟ್ಟಿಗೆ ಒಲೆ ಹಿತ್ತಲಿಗೆ ಹೋಯಿತು.

ಆಯಿಯ ಗೆರೆ ಇದ್ದಲ್ಲೇ ಇತ್ತು. ಏದುಸಿರು ಮಾತ್ರ ಕಡಿಮೆಯಾಗಿತ್ತು. ಪರೀಕ್ಷೆ ಮುಗಿಸಿ ಎದ್ದಾಗ ಆಯಿ ಕೈಚೀಲ ಹಿಡಿದು ನಿಂತಿದ್ದರು, ಮುನವಳ್ಳಿಯ ಮಗಳ ಮನೆಗೆ ಹೊರಟು.

"ಎಷ್ಟ ದಿನಾ?" ಎಂದರು ಅಜ್ಜ.

"ನೋಡೋಣು. ಚಾ ಮಾಡಾಕ ಕಲತೀರಲ್ಲ," ಎಂದರು ಆಯಿ. ಬಸ್‌ ನಿಲ್ದಾಣದವರೆಗೆ ಉಸಿರಿಗಾಗಿ ಎಲ್ಲೂ ಕೂರದೆ ನನಗಿಂತ ಮುಂದೆ ನಡೆದರು.