ಮಕಾಮೆಯ ಟಾರ್ಚಿಗೊಂದು ಬಲ್ಬು

ಪೆಂಬಾ ದ್ವೀಪದ ನಮ್ಮೂರಿನಲ್ಲಿ ಮಕಾಮೆ ಶಾಮೆಯಷ್ಟು ಜಂಬದ ಮುಳುಗಾರ ಇನ್ನೊಬ್ಬನಿರಲಿಲ್ಲ. ಜಂಬ ಈಜಿನದಲ್ಲ, ಟಾರ್ಚಿನದು. ದೋಣಿಯಲ್ಲಿ ಸುತ್ತಾಡಿಸಿದ್ದಕ್ಕೆ ಖುಷಿಯಾಗಿ ಯಾರೋ ಪರದೇಶಿ ಕೊಟ್ಟುಹೋದದ್ದು. ಹಳದಿ ಬಣ್ಣ, ಒನಕೆಯ ತುಂಡಿನಷ್ಟು ದಪ್ಪ, ಹೊಟ್ಟೆಯಲ್ಲಿ ಎಂಟು ಬ್ಯಾಟರಿ. ಹವಳದ ದಿಬ್ಬದ ಕೆಳಗಿನ ಗುಹೆಯಲ್ಲಿ ಹಗಲೂ ಕತ್ತಲೆಯೇ. ಅಲ್ಲಿ ಮೀಸೆ ಆಡಿಸುತ್ತಾ ಕೂತಿರುವ ದೊಡ್ಡ ದೊಡ್ಡ ಕಲ್ಲುಸೀಗಡಿಗಳನ್ನು ಆ ದೀಪವೇ ತೋರಿಸಬೇಕು. ಅದಕ್ಕಿದ್ದದ್ದು ಒಂದೇ ಪಥ್ಯ: ನೀರಿನೊಳಗೆ ಮಾತ್ರ ಹೊತ್ತಿಸಬೇಕು. ಬಲ್ಬಿನ ಕಾವನ್ನು ಕಡಲೇ ತಣಿಸಬೇಕು, ಗಾಳಿಯಲ್ಲಿ ಉರಿಸಿದರೆ ಕೆಟ್ಟಿತು. ಇದನ್ನು ಹೇಳಿ ಹೇಳಿ ಮಕಾಮೆ ಊರವರ ತಲೆ ತಿಂದಿದ್ದ.

ಅವನು ಯಾರಿಗೂ ಹೇಳದ ಮಾತು ಇನ್ನೊಂದಿತ್ತು. ಈಚೆಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಟಾರ್ಚಿದ್ದರೆ ಅವನು ಮುಳುಗಾರ, ಇಲ್ಲದಿದ್ದರೆ ದಡದಲ್ಲಿ ಕೂತು ಬಲೆ ಹೆಣೆಯುವ ಮುದುಕ. ಹೆಂಡತಿ ಮಿಜೆಗೂ ಇದನ್ನು ತಿಳಿಸಿರಲಿಲ್ಲ. ಗಂಡಸಲ್ಲವೇ, ಹೇಗೆ ಹೇಳಿಯಾನು!

ವರ್ಷಕ್ಕೊಮ್ಮೆ, ಮರಿಗಳು ಬಲಿಯಲೆಂದು, ಊರವರೆಲ್ಲ ಸೇರಿ ದಿಬ್ಬಕ್ಕೆ ಮೂರು ತಿಂಗಳು ಬೀಗ ಹಾಕುತ್ತೇವೆ. ಬೀಗವೆಂದರೆ ಬಾಯಿಮಾತಿನದು, ಆದರೂ ಯಾರೂ ಅತ್ತ ಬುಟ್ಟಿ ಒಯ್ಯುವಂತಿಲ್ಲ. ದಿಬ್ಬ ತೆರೆಯುವ ದಿನ ಊರಿಗೆ ಊರೇ ನೀರಿಗಿಳಿಯುತ್ತದೆ. ಆ ಸಲ ಗುಹೆ ತನ್ನದೇ ಎಂದು ಮಕಾಮೆ ಡಂಗುರ ಹೊಡೆದಿದ್ದ. ತೆರೆಯಲು ಇನ್ನೊಂದು ವಾರವಿದೆ ಎನ್ನುವಾಗ ಮಸೀದಿಯ ಕಲ್ಲುಜಗಲಿಯಲ್ಲಿ ಮಿಜೆಯ ತಮ್ಮ ಕೊಂಬೊ ಅವನನ್ನು ಹಿಡಿದ. ಭಾವನನ್ನು ಕೆಣಕುವುದು ನಮ್ಮಲ್ಲಿ ಹಕ್ಕು, ಕೆಣಕದಿದ್ದರೇ ಅವಮಾನ.

"ಭಾವ, ಮೂರು ತಿಂಗಳಿಂದ ಮೂಲೇಲಿ ಮಲಗಿದೆಯಲ್ಲ ನಿನ್ನ ಟಾರ್ಚು, ಉಸಿರಾಡ್ತಿದೆಯಾ? ಇಲ್ಲಾ ಹೆಣದ ಬಟ್ಟೆ ತರ್ಲಾ?"

ಮಕಾಮೆಗೆ ಮೈ ಉರಿಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ತಾನೇ ಎಂದುಕೊಂಡು ಟಾರ್ಚು ತಂದು ಹೊತ್ತಿಸಿಯೇಬಿಟ್ಟ. ಅಷ್ಟರಲ್ಲಿ ಊರಿನ ಹಿರಿಯ ಫಾಕಿಯಜ್ಜ ಬಂದು ಅವನ ಬಲಗೈ ಹಿಡಿದುಕೊಂಡರು. ಹಿರಿಯರು ಕುಶಲ ಕೇಳುವಾಗ ಕೈ ಎಳೆದುಕೊಳ್ಳುವ ಮರ್ಯಾದೆಗೇಡಿ ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಆ ಹಾಳು ಟಾರ್ಚಿನ ಗುಂಡಿಯೋ, ಎರಡು ಕೈ ಹಾಕದೆ ಅಲ್ಲಾಡದು. ಅಜ್ಜ ನಿಧಾನವಾಗಿ ಮನೆಯನ್ನು ಕೇಳಿದರು, ಮಗಳನ್ನು ಕೇಳಿದರು, ಅಳಿಯನ ಕೆಮ್ಮು, ಮಿಜೆಯ ಮೊಣಕಾಲು, ದೋಣಿ, ಲವಂಗದ ಮರ, ಗಬ್ಬದ ಆಡು, ಒಂದನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಮಕಾಮೆ ಬೆವರುತ್ತಾ, "ಚೆನ್ನಾಗಿದೆ ಅಜ್ಜ, ದೇವರ ದಯೆ" ಎನ್ನುತ್ತಿದ್ದ. ಗುಂಡಿ ಒತ್ತೋ ಎಂದು ಕೊಂಬೊಗೆ ಕಣ್ಸನ್ನೆ ಮಾಡಿದರೆ ಆ ಕಿಡಿಗೇಡಿ ಬೇಕೆಂದೇ ಆಕಾಶ ನೋಡುತ್ತಾ ನಿಂತ. ಟಪ್ ಎಂದಿತು. ಅದೇನು ಸದ್ದು ಎಂದು ಅಜ್ಜ ಕೇಳಿದರು.

"ಚೆನ್ನಾಗಿದೆ ಅಜ್ಜ, ದೇವರ ದಯೆ" ಎಂದ ಮಕಾಮೆ.

ಮಾರನೆಯ ದಿನದಿಂದ ಚಕೆಚಕೆ ಎನ್ನುವ ಪೇಟೆಗೆ ಅಲೆದಾಟ. ಟಾರ್ಚನ್ನು ಕಂಕುಳಲ್ಲಿಟ್ಟು, ಸುಟ್ಟ ಬಲ್ಬನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದ. ಕಡಲೆಬೀಜದಷ್ಟು ಗಾಜು, ಅದಕ್ಕೆ ಕಡ್ಡಿಯಂಥ ಎರಡು ಕಾಲು. ರೇಡಿಯೋ ಅಂಗಡಿಯವನು ನಕ್ಕು, ಹೊಸ ಟಾರ್ಚೇ ಕೊಳ್ಳಿ ಎಂದ. ಪರದೇಶಿಗಳಿಗೆ ಮುಳುಗು ಕಲಿಸುವ ಹೋಟೆಲಿನವನು, ಇದು ವಿಮಾನದಲ್ಲಿ ಬರಬೇಕು ಎಂದು ಹೇಳಿದ ಬೆಲೆಗೆ ಎರಡು ಆಡು ಬರುತ್ತಿದ್ದವು. ಮೋಟಾರ್ ಸೈಕಲ್ ರಿಪೇರಿಯವನ ಬಲ್ಬಿಗೆ ಸೊಂಟ ದಪ್ಪ, ಒಳಗೇ ಹೋಗಲಿಲ್ಲ. ದಿನಾ ಸಂಜೆ ಕೊಂಬೊ ದಾರಿ ಕಾಯ್ದಿದ್ದು, ಟಾರ್ಚಿಗೆ ಮಣ್ಣು ಯಾವಾಗ ಎಂದು ವಿಚಾರಿಸುತ್ತಿದ್ದ. ಮಕಾಮೆಗೆ ಊಟ ಸೇರಲಿಲ್ಲ. ಈ ಸಲ ದಡದಲ್ಲಿ ಕೂತರೆ ಇನ್ನು ಏಳುವುದಿಲ್ಲವೆಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ದಿಬ್ಬ ತೆರೆಯುವ ಹಿಂದಿನ ದಿನ ಮೊಮ್ಮಗಳ ಓಲೆಯ ಕೊಕ್ಕೆ ಹಾಕಿಸಲು ಮಿಜೆ ಅವನನ್ನು ಅಕ್ಕಸಾಲಿ ನಸ್ಸೋರನ ಅಂಗಡಿಗೆ ಎಳೆದುಕೊಂಡು ಹೋದಳು. ಮಕಾಮೆ ಕಂಕುಳ ಟಾರ್ಚಿನ ಸಮೇತ ಮುಖ ಗಂಟು ಹಾಕಿಕೊಂಡು ಗಾಜಿನ ಪೆಟ್ಟಿಗೆಗೆ ಒರಗಿ ನಿಂತ. ಹಣೆಗೆ ಬಿಸಿ ತಾಗಿತು. ಬಗ್ಗಿದ, ಇನ್ನೂ ಬಗ್ಗಿದ, ಮೂಗು ಗಾಜಿಗೆ ಅಂಟಿತು.

"ಅದನ್ನ ಕೊಡು ನಸ್ಸೋರ್, ಎಷ್ಟಾದ್ರೂ ಆಗ್ಲಿ" ಎಂದ. ಗಾಜಿನ ಮೇಲೆ ಬೆರಳೂರಿದ.

ಬೆರಳಿನ ಕೆಳಗೆ ತೆಳ್ಳನೆಯ ಬೆಳ್ಳಿ ಬಳೆಯೊಂದಿತ್ತು. ಮದುವೆಯಾದಾಗಿನಿಂದ ಹೆಂಡತಿಗೆಂದು ಒಂದು ಪಿನ್ನನ್ನೂ ತಂದವನಲ್ಲ ಈ ಮಹರಾಯ. ಮಿಜೆ ಅಂಗಿಯ ತೋಳು ಸರಿಸಿ ಕೈ ಮುಂದೆ ಚಾಚಿದಳು. ಅವಳ ಮುಖ ಮದುವಣಗಿತ್ತಿಯ ಹಾಗೆ ಕೆಂಪೇರಿತ್ತು. ನಸ್ಸೋರ್ ಬಳೆ ಎತ್ತಿಕೊಂಡ.

"ಬಳೆ ಅಲ್ಲ ಮಾರಾಯ, ಅದರ ಮೇಲೆ ಉರೀತಿದೆಯಲ್ಲ, ಆ ಬಲ್ಬು!"

ಮಿಜೆ ತೋಳು ಇಳಿಸಿಕೊಂಡಳು. ಒಡವೆ ಮಿನುಗಿಸುವ ಆ ಬಲ್ಬುಗಳಿಗೂ ಅದೇ ಎರಡು ಕಡ್ಡಿಕಾಲು. ಹೊಸ ನಮೂನೆಯ ದೀಪ ಹಾಕಿಸುತ್ತಿದ್ದೇನೆ, ತೆಗೆದ ಹಳೆಯವು ಡಬ್ಬಿಯಲ್ಲಿ ಬಿದ್ದಿವೆ ಎಂದ ನಸ್ಸೋರ್, ಒಂದನ್ನು ಒಂದು ಲೋಟ ಕಾಫಿಯ ಕಾಸಿಗೆ ಕೊಟ್ಟ. ಅವನ ಹಿತ್ತಲಲ್ಲಿ ಬಟ್ಟೆ ನೆನೆಹಾಕಿದ್ದ ಬಕೆಟ್ಟಿನಲ್ಲೇ ಟಾರ್ಚು ಮುಳುಗಿಸಿದರೆ ಒಳಗಿನ ಲುಂಗಿಯ ಗೆರೆಗಳೆಲ್ಲ ಎಣಿಸುವ ಹಾಗೆ ಕಂಡವು. ಮಕಾಮೆ ಕುಣಿದಾಡಿದ. ವ್ಯಾನಿನಲ್ಲಿ ಊರು ಮುಟ್ಟುವವರೆಗೆ ಮಿಜೆ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಗ ಅವನಿಗೆ ಅದು ಕಾಣಲಿಲ್ಲ.

ಕಂಡದ್ದು ಮರುದಿನ, ಗುಹೆಯೊಳಗೆ. ಬೆಳಕು ಬಿದ್ದಲ್ಲೆಲ್ಲ ಮೀಸೆಗಳು. ಬುಟ್ಟಿ ತುಂಬಿತು, ಜೀವ ತುಂಬಿತು, ಆದರೆ ಪ್ರತಿ ಸಲ ಕೈ ಚಾಚಿದಾಗಲೂ ಅಂಗಡಿಯಲ್ಲಿ ಚಾಚಿದ ಆ ಕೈಯೇ ಕಣ್ಣಿಗೆ ಕಟ್ಟುತ್ತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ದಡದಲ್ಲಿ ಎರಡು ಬಡಕಲು ಆಕ್ಟೋಪಸ್ ಹಿಡಿದು ನಿಂತಿದ್ದ ಕೊಂಬೊನನ್ನು ಕೆಣಕುವುದಕ್ಕೂ ಮನಸ್ಸಾಗಲಿಲ್ಲ. ಫಾಕಿಯಜ್ಜ ಕೈ ಚಾಚಿ ಬಂದಾಗ ಮಾತ್ರ ಮೊದಲು ಟಾರ್ಚನ್ನು ಮರಳಿನ ಮೇಲಿಟ್ಟು, ಆಮೇಲೆ ಕೈ ಕೊಟ್ಟ.

ಸೀಗಡಿಯನ್ನೆಲ್ಲ ಹೋಟೆಲಿಗೆ ಮಾರಿದ. ಮಾರನೆಯ ಬೆಳಿಗ್ಗೆ ಮಿಜೆಯನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದ. ಅದನ್ನು ಕೊಡು ಎಂದು ಗಾಜಿನ ಮೇಲೆ ಬೆರಳಿಟ್ಟ ಕೂಡಲೇ ನಸ್ಸೋರ್ ಬಲ್ಬಿನ ಡಬ್ಬಿಗೆ ಕೈ ಹಾಕಿದ.

"ಬಲ್ಬಲ್ಲ, ಬಳೆ" ಎಂದ ಮಕಾಮೆ.

ಮಿಜೆ ಕೈ ಚಾಚಲಿಲ್ಲ. "ನಸ್ಸೋರಣ್ಣ, ಆ ಡಬ್ಬೀಲಿರೋ ಬಲ್ಬೆಲ್ಲ ಕೊಟ್ಬಿಡಿ. ಇವರಿಗೆ ಕಣ್ಣು ಕಾಣಲ್ಲ" ಎಂದಳು.

ಮಕಾಮೆ, ಯಾರು ಹೇಳಿದರು ಎಂದು ತೊದಲಿದ.

"ಯಾರು ಹೇಳ್ಬೇಕು? ಹೋದ ಹಬ್ಬದಲ್ಲಿ ನನ್ನ ತಂಗೀನ ನಾನು ಅಂದ್ಕೊಂಡು ಬಾಯಿಗೆ ಬಂದ ಹಾಗೆ ಬೈದ್ರಲ್ಲ. ಪಾಪ, ದೊಡ್ಡೋರು ಅಂತ ಅವಳು ಸುಮ್ನೆ ಕೇಳಿಸ್ಕೊಂಡ್ಳು. ಇಂಥವರು ದೀಪ ಇಲ್ದೆ ಆ ಗುಹೆಗೆ ಇಳಿದ್ರೆ ನನ್ನ ಹತ್ರ ವಾಪಸ್ ಬರೋ ದಾರಿ ಹೇಗ್ರೀ ಕಾಣತ್ತೆ?"

ನಸ್ಸೋರ್ ಡಬ್ಬಿಯನ್ನು ಮುಂದಿಟ್ಟು, ನಿಟ್ಟುಸಿರು ಬಿಟ್ಟು, ಬಳೆಯನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಸರಿಸತೊಡಗಿದ.

"ಅದನ್ಯಾಕೆ ಒಳಗಿಡ್ತೀರಿ?" ಎಂದು ಮಿಜೆ ತೋಳು ಸರಿಸಿದಳು. "ನಾನು ಬೇಡ ಅಂದ್ನಾ?"