ನನ್ನ ಓಟ್ಸ್, ಅವಳ ಚಹಾ

ಬೆಲ್ಟಿನ ಕೊನೆಯ ತೂತೂ ಸಾಲದಾದ ದಿನ, ನನ್ನ ಕಾಲ ಮುಗಿಯಿತೆಂದು ತೀರ್ಮಾನಿಸಿದೆ. ಇದಕ್ಕಿಂತ ಸಣ್ಣ ಕಾರಣಗಳಿಗೂ ಹಾಗೆ ತೀರ್ಮಾನಿಸಿದ್ದುಂಟು. ಬೀದರಿನ ದೊಡ್ಡ ಅಂಗಡಿಯಿಂದ ಓಟ್ಸ್, ಬಾದಾಮಿ, ಹೆಸರು ಹೇಳಲು ಬಾರದ ಬೀಜಗಳನ್ನೆಲ್ಲ ಹೊತ್ತು ತಂದೆ. ಅಷ್ಟು ತುಟ್ಟಿ ಇದ್ದುದರಿಂದಲೇ ಅವು ಔಷಧವೆಂದು ನಂಬಿದೆ. ಜೋಳದ ರೊಟ್ಟಿ ಬಿಟ್ಟೆ. ನನ್ನ ಹೆಂಡತಿಯ ತವರೂರು ಔರಾದದಿಂದ ಬಂದ ಶೇಂಗಾ ಚೀಲವನ್ನು, ಮೈ ಬೆಳೆಸುತ್ತದೆಂದು ಪಕ್ಕದ ಮನೆಗೆ ಕೊಟ್ಟೆ.

ಅವಳು ಬಾದಾಮಿ ಮುಟ್ಟುತ್ತಿರಲಿಲ್ಲ. “ನಿಮಗ ಇರಲಿ. ನನಗ ಚಾ, ಖಾರಿ ಬಿಸ್ಕೀಟ ಸಾಕ್ರಿ.” ಮದುವೆಯ ರವಿಕೆ ಅವಳಿಗೆ ಇನ್ನೂ ಸಡಿಲವೆಂದು ನಾನು ನೆಂಟರೆದುರು ಹೆಮ್ಮೆಪಡುತ್ತಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ ಅವಳು ನಡುವೆ ಕೂರುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ನನ್ನ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ.

ಎಳ್ಳಮಾವಾಸ್ಯೆಗೆ ಭಾಲ್ಕಿಯ ಅಕ್ಕ ಸಾಯಗಾಂವದ ತನ್ನ ಹೊಲಕ್ಕೆ ಕರೆದಳು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಸಿಕ್ಕ ಸೊಪ್ಪು, ಹಸಿ ಕಾಳುಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ನಾನು ಓಟ್ಸ್ ಡಬ್ಬಿ ಒಯ್ದೆ.

ಆಯುಷ್ಯವಿಡೀ ನರ್ಸಾಗಿ ದುಡಿದು ನಿವೃತ್ತಳಾದ ಅಕ್ಕ ಡಬ್ಬಿ ಮೂಸಿದಳು. “ಎಮ್ಮಿಗಿ ಹಾಕೋದು ತಂದೀಯೇನೋ ತಮ್ಮಾ?”

“ತೂಕ ಇಳಿಸ್ಲಿಕ್ಕ, ಅಕ್ಕಾ.”

“ಇಳದದ ಏನು?”

“ರೊಕ್ಕ ಇಳದಾವ ನೋಡ್ರಿ,” ಎಂದಳು ಹೆಂಡತಿ.

ನಗುತ್ತಲೇ ಅಕ್ಕ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. ನಗು ನಿಂತಿತು. “ಇಕಿ ಕಣ್ಣು ನೋಡೀಯೇನು? ಬಿಳಿ ಅರಿವಿ ಆಗ್ಯಾವ.”

“ಸಣ್ಣಗದಾಳಲ್ಲ, ಆರಾಮ ಅದಾಳ ಅಂತ…”

“ಸಣ್ಣಗಿದ್ದವರೆಲ್ಲಾ ಆರಾಮ ಇದ್ರ, ನಾ ಇಷ್ಟ ವರ್ಷ ಯಾರಿಗಿ ಸೂಜಿ ಚುಚ್ಚೀನಿ?”

ಮರುದಿನ ಭಾಲ್ಕಿಯಲ್ಲಿ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಹೊಟ್ಟೆಯೊಂದನ್ನು ಬಿಟ್ಟರೆ ನನ್ನದೆಲ್ಲ ನೆಟ್ಟಗಿತ್ತು. ಅವಳ ಚೀಟಿಯನ್ನು ಮಾತ್ರ ಡಾಕ್ಟರು ಎರಡು ಸಲ ಓದಿದರು. ರಕ್ತ ತೀರ ಕಡಿಮೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಚಿಂತೆಯನ್ನೆಲ್ಲ ನಾನೊಬ್ಬನೇ ತಿಂದಿದ್ದೆ.

ಕಬ್ಬಿಣದ ಗುಳಿಗೆ ಬರೆದರು. ಜೊತೆಗೆ ಸೊಪ್ಪು, ಕಾಳು, ಶೇಂಗಾ ತಿನ್ನಬೇಕು, ಊಟದ ಬೆನ್ನಿಗೇ ಚಹಾ ಕುಡಿಯಬಾರದು, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಇದೆಲ್ಲ ಯಾವ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆಂದು ಅಕ್ಕನನ್ನು ಕೇಳಿದೆ.

“ಸಂತ್ಯಾಗ ಸಿಗತದೋ ಹುಚ್ಚಪ್ಪಾ. ನಿನ್ನ ಒಂದ ಡಬ್ಬಿ ರೊಕ್ಕದಾಗ ತಿಂಗಳಾನುಗಟ್ಲೆ ಪಲ್ಲೆ ಬರ್ತದ.”

ಪಕ್ಕದ ಮನೆಗೆ ಹೋಗಿ ಶೇಂಗಾ ವಾಪಸು ಕೇಳುವುದೊಂದು ಉಳಿದಿತ್ತು. ಅದನ್ನೂ ಕೇಳಿದೆ. ಅವರು ಅರ್ಧ ತಿಂದು ಮುಗಿಸಿದ್ದರು, ಎಲ್ಲರೂ ಗಟ್ಟಿಮುಟ್ಟಾಗಿದ್ದರು.

ಮೊದಲೆಲ್ಲ ನಾನು ಉಂಡೆದ್ದ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದವಳು ಈಗ ಜೊತೆಗೇ ಕೂರುತ್ತಾಳೆ. ನಾನು ತುತ್ತು ಎಣಿಸುತ್ತೇನೆ. “ನನ್ನ ತಾಟ ಎಷ್ಟ ನೋಡ್ತೀರಿ? ದೃಷ್ಟಿ ಆಗ್ತದ,” ಎನ್ನುತ್ತಾಳೆ.

ಮೊನ್ನೆ ನನ್ನ ಜೊತೆ ಸಂತೆಯಿಂದ ಬಂದವಳು ಎಲ್ಲೂ ಕೂರದೆ ಮೆಟ್ಟಿಲು ಹತ್ತಿಬಿಟ್ಟಳು. ಮೆಂತ್ಯ ಸೊಪ್ಪಿನ ಚೀಲ ಹಿಡಿದು ನಾನು ನಡುಮೆಟ್ಟಿಲಲ್ಲಿ ಕೂತಿದ್ದೆ. ಮೇಲಿನಿಂದ ದನಿ ಬಂತು: “ಏನ್ರೀ, ಬರ್ತೀರೋ, ಎತ್ಕೊಂಡ ಬರ್ಲೋ?”