ನೆರಳು ಯಾರದು ಎಂದು ಕೇಳುವ ಪತ್ರದಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನೋಂದಣಿ ಕಚೇರಿಯ ಎದುರಿನ ಜಗಲಿಯಲ್ಲಿ ಪತ್ರದಕ್ಕ ಆಗಲೇ ಮೇಜು ಒರೆಸಿ, ಪೆನ್ನನ್ನು ರದ್ದಿ ಕಾಗದದ ಮೇಲೆ ಗೀಚಿ ನೋಡುತ್ತಿದ್ದಾರೆ. ಜಾಗ ಮಾರುವವರೂ ಕೊಳ್ಳುವವರೂ ಕಚೇರಿಯ ಬಾಗಿಲು ತೆರೆಯುವ ಮುಂಚೆ ಕ್ರಯಪತ್ರ ಬರೆಸಲು ಇಲ್ಲಿಗೇ ಬರುತ್ತಾರೆ. ಪತ್ರದಕ್ಕನ ನಿಜವಾದ ಹೆಸರು ಪಕ್ಕದ ಚಹಾದಂಗಡಿಯವನಿಗೂ ಗೊತ್ತಿಲ್ಲ.

ಇವತ್ತು ಮೊದಲು ಬಂದವರು ವಯಸ್ಸಾದ ದರ್ಜಿಯಮ್ಮ, ಜೊತೆಗೆ ಅವರ ಸೋದರಳಿಯ. ಅತ್ತೆಯ ಹಿತ್ತಲು, ಅದರಲ್ಲಿನ ಮಾವಿನ ಮರ ಅಳಿಯನ ಪಾಲಾಗಬೇಕು. ಅರ್ಧ ಹಣ ಸಂದಿದೆ. ಉಳಿದದ್ದು ಅವನ ಅಂಗಡಿ ಕುದುರಿದ ಮೇಲೆ.

ಪತ್ರದಕ್ಕನ ಕೈ ಸರಸರ ಓಡುತ್ತದೆ. ಒಂದು ಸಾಲಿನ ಜಾಗ ಮಾತ್ರ ಖಾಲಿ ಬಿಟ್ಟು ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಒಡೆತನ ಯಾವಾಗ ದಾಟುತ್ತದೆ ಎಂಬ ಸಾಲು ಅದು. ಮಾರುವವರು ಅದನ್ನು ಬಾಯಿಬಿಟ್ಟು ಹೇಳುವತನಕ ಮುಚ್ಚಳ ತೆಗೆಯುವುದಿಲ್ಲ.

"ನಮ್ಮ ಹುಡುಗನೇ ಅಲ್ವಾ, ಬರೆದುಬಿಡವ್ವ" ಎನ್ನುತ್ತಾರೆ ದರ್ಜಿಯಮ್ಮ.

"ನಿಮ್ಮ ಹುಡುಗ ಅಲ್ಲ ಅಂದೋರು ಯಾರು? ಆದ್ರೆ ಸುಮ್ನೆ ಸಹಿ ಹಾಕಿ ನೋಂದಣಿ ಮಾಡಿಸಿದ್ರೆ ಜಾಗ ಇವತ್ತೇ ಅವನದು. ಬಾಕಿ ದುಡ್ಡು ಕೊಡು ಅಂತ ಕೇಳಬಹುದು, ಕೋರ್ಟಿಗೂ ಹೋಗಬಹುದು. ಜಾಗ ವಾಪಸ್ ಕೊಡು ಅನ್ನೋಕಾಗಲ್ಲ."

"ಮರ?"

"ಮರಾನೂ ಅವನದೇ. ನೆರಳೂ ಅವನದೇ."

ದರ್ಜಿಯಮ್ಮನ ಕೈ ಸೆರಗಿನ ಅಂಚಿನ ಮೇಲೆ ನಿಂತುಬಿಡುತ್ತದೆ. ಅವರ ಹೊಲಿಗೆ ಯಂತ್ರ ಇರುವುದು ಅದೇ ನೆರಳಿನಲ್ಲಿ.

ಎಂಥ ಸೋಜಿಗ. ಮಣ್ಣು ಅಲುಗುವುದಿಲ್ಲ, ಎಲೆ ಉದುರುವುದಿಲ್ಲ, ಕೊಂಬೆಯ ಮೇಲಿನ ಹಕ್ಕಿಗೆ ಸುಳಿವೇ ಇರುವುದಿಲ್ಲ. ಆದರೂ ಇಡೀ ಹಿತ್ತಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿಬಿಡುತ್ತದೆ. ಆ ಗಳಿಗೆ ಕಣ್ಣಿಗೆ ಕಾಣದು ಎಂಬುದು ಪತ್ರದಕ್ಕನಿಗೆ ಚಿಕ್ಕಂದಿನಲ್ಲೇ ಗೊತ್ತಾಗಿದೆ. ಅಪ್ಪ ಮನೆ ಪಕ್ಕದ ನಿವೇಶನ ಮಾರಿ, ಬಾಕಿ ಬರುವತನಕ ಅದು ತನ್ನದೇ ಎಂದುಕೊಂಡು ಅಲ್ಲಿ ಸೊಪ್ಪು ಬೆಳೆಯುತ್ತಿದ್ದರು. "ಒಂದಿನ ಕೊಂಡೋರು ಬೇಲಿ ಹಾಕೋಕೆ ಬಂದ್ರು. ಅಪ್ಪ ನೀರಿನ ತಂಬಿಗೆ ಹಿಡ್ಕೊಂಡು ಹಾಗೇ ನಿಂತಿದ್ದ" ಎನ್ನುತ್ತಾರೆ ಪತ್ರದಕ್ಕ.

ದರ್ಜಿಯಮ್ಮ ಆ ಖಾಲಿ ಸಾಲಿನ ಮೇಲೆ ಬೆರಳಿಡುತ್ತಾರೆ. "ದುಡ್ಡು ಪೂರ್ತಿ ಬರೋವರೆಗೂ ನಂದೇ ಇರೋ ಹಾಗೆ ಬರೆಯೋಕೆ ಬರಲ್ವಾ?"

"ಬರುತ್ತೆ. ಇಬ್ಬರೂ ಒಪ್ಪಬೇಕು."

ಅಳಿಯನ ಮುಖ ಸಪ್ಪಗಾಗುತ್ತದೆ. "ಅತ್ತೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇರೋದಕ್ಕೇ ಕಣೋ ಅರ್ಧ ದುಡ್ಡಿಗೆ ಇಲ್ಲೀವರೆಗೂ ಬಂದಿರೋದು."

ಅವನು ರಸ್ತೆಯ ಕಡೆ ನೋಡುತ್ತಾನೆ, ಚಪ್ಪಲಿಯ ಕಡೆ ನೋಡುತ್ತಾನೆ. ಕೊನೆಗೆ, "ಹಾಗೇ ಬರೀರಿ ಅಕ್ಕ" ಎನ್ನುತ್ತಾನೆ. ಮುಚ್ಚಳ ತೆರೆಯುತ್ತದೆ. ಕೊನೆಯ ಕಂತು ಸಂದ ದಿನವೇ ಒಡೆತನ ದಾಟತಕ್ಕದ್ದು ಎಂಬ ಸಾಲು ದುಂಡನೆಯ ಅಕ್ಷರದಲ್ಲಿ ಕೂರುತ್ತದೆ.

"ಮರಕ್ಕೆ ನೀರು ಮಾತ್ರ ಇವತ್ತಿಂದ್ಲೇ ನೀನು ಹಾಕು" ಎನ್ನುತ್ತಾ ದರ್ಜಿಯಮ್ಮ ಏಳುತ್ತಾರೆ. ಅಳಿಯ ನಕ್ಕು ಅವರ ಚೀಲ ಎತ್ತಿಕೊಳ್ಳುತ್ತಾನೆ.

ಪತ್ರದಕ್ಕನದು ಬಾಡಿಗೆ ಮನೆ. ಸ್ವಂತಕ್ಕೆ ಏನೂ ಬರೆಸಿಕೊಳ್ಳಲಿಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ಒಂದು ಗೇಣು ಜಾಗಾನೂ ಇಲ್ಲ. ಆದ್ರೆ ಈ ಜಗಲಿಗೆ ಬಂದೋರು ಯಾರೂ ತಂಬಿಗೆ ಹಿಡ್ಕೊಂಡು ನಿಲ್ಲಬಾರದು. ಅಷ್ಟಾದ್ರೆ ಸಾಕು."